ಟವೆಲ್ಲಿನಡಿ ಸೋತ ಕೈ

ಟವೆಲ್ಲಿನಡಿ ಬೆರಳು ಹಿಡಿದು ಕುರಿ ರೇಟು ಕುದುರಿಸೋದ್ರಲ್ಲಿ ಶಿಕಾರಿಪುರ ಸೀಮೆಗೇ ನಾನೊಬ್ಬನೇ. ಅವತ್ತು ಸಂತೆಗೆ ಹೊಡೆದುಕೊಂಡು ಬಂದಿದ್ದು ತಂಗಿಯ ಕುರಿಗಳನ್ನ. ಅವಳು ಹುಟ್ಟಿದಾಗ ಅಪ್ಪ ಅವಳ ಹೆಸರಿಗೆ ಬಿಟ್ಟಿದ್ದ ಮರಿಯ ಸಂತಾನ. ಅವಳು ಆಸೆಪಟ್ಟ ನರ್ಸಿಂಗ್ ಸೀಟು ದಾವಣಗೆರೆಯಲ್ಲಿ ಸಿಕ್ಕಿತ್ತು, ಆದರೆ ಅರ್ಧ ಫೀಸು ಮಾತ್ರ ಮಾಫಿ. ಉಳಿದದ್ದಕ್ಕೆ ಕುರಿ ಮಾರಿ, ಮೇಲೆ ಸಾಲಾನೂ ಮಾಡಬೇಕು. ಊರ ಹತ್ತಿರದ ಕಾಲೇಜಲ್ಲಾದರೆ ಬಿ.ಎ. ಪೂರ್ತಿ ಪುಕ್ಕಟೆ.

"ಸಾಲ ತೀರಿಸೋಕೆ ನಾನಿಲ್ವೇನೇ?" ಅಂತ ಎದೆ ತಟ್ಟಿ ಬಂದಿದ್ದೆ.

ವ್ಯಾಪಾರಿ ನನ್ನ ಬೆರಳು ಹಿಡಿದಿರುವಾಗಲೇ ಅವಳ ಫೋನು ಬಂತು. "ಅಣ್ಣಾ, ಬಿ.ಎ.ಗೆ ಸೇರಿಬಿಟ್ಟೆ. ಕುರಿ ವಾಪಸ್ ಹೊಡ್ಕಂಡು ಬಾ."

ಟವೆಲ್ಲಿನಡಿ ನನ್ನ ಕೈ ಸಡಿಲವಾಯ್ತು.

"ಯಾಕ್ರೀ, ರೇಟು ಇಳಿಸಿದ್ರಾ?" ಅಂದ ವ್ಯಾಪಾರಿ.

"ಮಾರಲ್ಲ ಬಿಡ್ರೀ."

ನನ್ನ ಸೋಲಿಸೋ ಗಂಡಸು ಈ ಸಂತೆಗೆ ಬಂದಿಲ್ಲ ಅಂತ ಈಗಲೂ ಕೊಚ್ಚಿಕೊಳ್ತೀನಿ. ತಂಗಿ ಕಾಲೇಜಿಂದ ಬರೋ ಹೊತ್ತಲ್ಲಿ ಮಾತ್ರ ಸುಮ್ಮನಿರ್ತೀನಿ.