ಹೂಂ ಡ್ರೈವರ್

ಆತನಿಗೆ ಕಿವಿ ಕೇಳಿಸುವುದಿಲ್ಲವೆಂಬುದು ಹೆಂಡತಿಗೆ ಮಾತ್ರ ಗೊತ್ತಿತ್ತು. ಯಾರು ಏನಂದರೂ "ಹೂಂ" ಎಂದು ತಲೆಯಾಡಿಸುತ್ತಿದ್ದನಾದ್ದರಿಂದ ರೈಲು ಎಂಜಿನ್ ಶೆಡ್ಡಿನವರು 'ಹೂಂ ಡ್ರೈವರ್' ಎಂದು ಹೆಸರಿಟ್ಟಿದ್ದರು. ಪಾಪ, ಸಾಧು ಮನುಷ್ಯ ಅಂದುಕೊಂಡಿದ್ದರು. ಸಾಧುವೂ ಇಲ್ಲ, ಸಂತನೂ ಇಲ್ಲ! ಗೊತ್ತಾದರೆ ಎಂಜಿನ್ನಿನಿಂದ ಇಳಿಸಿಬಿಡುತ್ತಾರೆಂಬ ಹೆದರಿಕೆ ಅಷ್ಟೆ. ಎಂಜಿನ್ ಬಿಟ್ಟರೆ ಆತನಿಗೆ ಬೇರೆ ಪ್ರಪಂಚವೇ ಇರಲಿಲ್ಲ.

ಅವತ್ತು ಸಹಾಯಕನಾಗಿ ಬಂದವನು ಸ್ವಂತ ಅಳಿಯನೇ. ಬೋಗಿಗಳು ಸ್ಟೇಷನ್ನಿನಲ್ಲಿ ಕಾಯುತ್ತಿದ್ದವು. ಇವರು ಶೆಡ್ಡಿನಿಂದ ಎರಡು ಎಂಜಿನ್ ಜೋಡಿಸಿಕೊಂಡು ಹೋಗಬೇಕಿತ್ತು. ಕೊಂಡಿ ಕೂಡಿದ ಮೇಲೆ ಸಹಾಯಕ ಎರಡರ ನಡುವೆ ನುಗ್ಗಿ ಗಾಳಿಯ ಪೈಪು ಸೇರಿಸಬೇಕು, ಈಚೆ ಬಂದು "ಹೊರಗಿದ್ದೀನಿ" ಎಂದು ಕೂಗಬೇಕು. ಆ ಕೂಗು ಕೇಳುವವರೆಗೆ ಡ್ರೈವರ್ ಬ್ರೇಕು ಬಿಡುವಂತಿಲ್ಲ.

ಆ ಕೂಗು ಕೇಳಿಸದೆ ತಿಂಗಳುಗಳೇ ಆಗಿದ್ದವು. ಪೈಪು ಸೇರಿಸಲು ಎಷ್ಟು ಹೊತ್ತು ಬೇಕೆಂಬ ಅಂದಾಜಿನಲ್ಲಿ ಮನಸ್ಸಿನಲ್ಲೇ ಎಣಿಸಿ ಹೊರಡುತ್ತಿದ್ದ. ಹೇಗೋ ನಡೆದುಕೊಂಡು ಬಂದಿತ್ತು. ಅವತ್ತು ಪೈಪಿನ ವಾಷರ್ ಹರಿದಿತ್ತು. ಅಳಿಯ ಹೊಸದು ಕೂರಿಸುತ್ತಾ ನಿಂತಿದ್ದ. ಇಲ್ಲಿ ಈತನ ಎಣಿಕೆ ಮುಗಿಯಿತು, ಬ್ರೇಕು ಬಿಟ್ಟ.

ಎಂಜಿನ್ ಅಲುಗಿತು. ಕನ್ನಡಿಯಲ್ಲಿ ನೋಡಿದರೆ ಅಳಿಯ ಇಲ್ಲ. ಬ್ರೇಕು ಹಾಕಿ, ಹೇಗೆ ಇಳಿದನೋ ಏನೋ, ಹಿಂದಕ್ಕೆ ಓಡಿದ. ಅಳಿಯ ಆಚೆ ಬದಿಗೆ ಹಾರಿ ಜಲ್ಲಿಯ ಮೇಲೆ ಬಿದ್ದಿದ್ದ. ಮೊಣಕೈ ತರಚಿತ್ತು, ಮುಖ ಬಿಳಿಚಿಕೊಂಡಿತ್ತು.

"ಮಾವ, ತಡೀರಿ ತಡೀರಿ ಅಂತ ನಾನು ಕೂಗ್ತಾನೇ ಇದ್ನಲ್ಲಾ!"

ತುಟಿ ನೋಡಿಯೇ ಆತನಿಗೆ ಅರ್ಥವಾಯಿತು. "ನಂಗೆ ಕಿವಿ ಕೇಳಲ್ಲ ಕಣೋ" ಎಂದವನೇ ಅಲ್ಲೇ ಕುಸಿದು ಕೂತು ಅತ್ತುಬಿಟ್ಟ.

ಅಳಿಯ ಕಿವಿಗೆ ಬಾಯಿಟ್ಟು, "ಹೋಗ್ಲಿ ಬಿಡಿ ಮಾವ, ನಿವೃತ್ತಿಗೆ ಇನ್ನೆಷ್ಟು ದಿನ? ನಾನಂತೂ ಬಾಯಿ ಬಿಡಲ್ಲ" ಎಂದು ಜೋರಾಗಿ ಹೇಳಿದ.

ಬೇರೆ ದಿನವಾಗಿದ್ದರೆ "ಹೂಂ" ಎನ್ನುತ್ತಿದ್ದ.

"ನನ್ನ ಮಗಳಿಗೆ ಯಾವ ಮುಖ ತೋರಿಸ್ತಿದ್ದೆ ನಾನು?" ಎಂದು ಮೇಲೆದ್ದ. ಎಂಜಿನ್ ಹತ್ತಿ, ಅದಿಲ್ಲದೆ ಎಂಜಿನ್ ಅಲುಗದಂಥ ಹ್ಯಾಂಡಲನ್ನು ತೆಗೆದುಕೊಂಡು ಹೋಗಿ ಫೋರ್‌ಮನ್ನನ ಮೇಜಿನ ಮೇಲಿಟ್ಟ.

"ಈ ಗಾಡಿಗೆ ಬೇರೆಯವರನ್ನ ಕಳ್ಸಿ ಸಾರ್. ನಂಗೆ ಕಿವಿ ಕೇಳಲ್ಲ."

ಫೋರ್‌ಮನ್ ಕಣ್ಣುಕಣ್ಣು ಬಿಟ್ಟ. ತಲೆ ತಗ್ಗಿಸಿಕೊಂಡು ಏನೋ ಕೇಳಿದ. ಅಭ್ಯಾಸಬಲದಿಂದ ಆತನ ತಲೆ ಅಲ್ಲಾಡಲು ಹೊರಟಿತು. ತಡೆದುಕೊಂಡ.

"ಏನಂದ್ರಿ? ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳಿ."