ಪದ್ಮಯ್ಯ ಗೌಡರ ಕೋವಿ ಕೊಟ್ಟವರು ಯಾರು?

2019ರ ಲೋಕಸಭಾ ಚುನಾವಣೆಯ ಹೊತ್ತಿಗೆ ನಾನು ಹೆಡ್ ಕಾನ್‌ಸ್ಟೆಬಲ್, ಠಾಣೆಯ ರೈಟರ್. ದೂರು, ಎಫ್‌ಐಆರ್, ರಿಜಿಸ್ಟರು ಎಲ್ಲ ಬರೆದಿಡುವ ಕೆಲಸ ರೈಟರನದು. ಠಾಣೆಯಲ್ಲಿ ಯಾರು ಏನು ತಪ್ಪು ಮಾಡಿದರೂ ಮೊದಲು ಬೈಸಿಕೊಳ್ಳುವವನೂ ಅವನೇ. ಪುತ್ತೂರು, ಸುಳ್ಯ, ಕಡಬ ಮೂರೂ ಕಡೆ ಕೆಲಸ ಮಾಡಿದ್ದೇನೆ. ಇದು ಯಾವ ಠಾಣೆ ಎಂದು ಹೇಳುವುದಿಲ್ಲ. ಹೆಸರುಗಳನ್ನೂ ಬದಲಿಸಿದ್ದೇನೆ.

ನಮ್ಮ ಕಡೆ ಕೋವಿ ಇಲ್ಲದ ದೊಡ್ಡ ಮನೆ ಕಡಿಮೆ. ಮಂಗ, ಹಂದಿ ತೋಟಕ್ಕೆ ಬೀಳದ ಹಾಗೆ ನೋಡಿಕೊಳ್ಳಲು ಜಿಲ್ಲಾಧಿಕಾರಿ ಬೆಳೆ ರಕ್ಷಣೆಯ ಲೈಸೆನ್ಸ್ ಕೊಡುತ್ತಾರೆ. ಅದು ಕಾಗದದ ಮಾತು. ಮನೆಯವರಿಗೆ ಕೋವಿ ಎಂದರೆ ಯಜಮಾನಿಕೆ. ನಮ್ಮ ಮುತ್ತಜ್ಜ ಹುಲಿ ಹೊಡೆದ ಕೋವಿ ಇದು ಎಂದು ಪ್ರತಿ ಮನೆಯಲ್ಲೂ ಹೇಳುತ್ತಾರೆ. ಅಷ್ಟು ಹುಲಿಗಳು ನಿಜಕ್ಕೂ ಇದ್ದಿದ್ದರೆ ಈ ಊರುಗಳಲ್ಲಿ ಮನುಷ್ಯರೇ ಉಳಿಯುತ್ತಿರಲಿಲ್ಲ.

ಚುನಾವಣೆ ಘೋಷಣೆಯಾದ ಕೂಡಲೇ ಈ ಕೋವಿಗಳನ್ನೆಲ್ಲ ಠಾಣೆಯಲ್ಲಿ ಠೇವಣಿ ಇಡಬೇಕು. ಫಲಿತಾಂಶ ಬಂದ ಮೇಲೆ ವಾಪಸು. ಎರಡು ತಿಂಗಳು ಕೋವಿ ಇಲ್ಲ ಎಂದರೆ ರೈತರಿಗೆ ಮೈಯೆಲ್ಲ ಉರಿ. ಮಂಗಗಳಿಗೂ ನೀತಿಸಂಹಿತೆ ಉಂಟಾ ಎಂದು ಪ್ರತಿ ಸಲವೂ ಯಾರಾದರೂ ಕೇಳುತ್ತಾರೆ. ನನಗೂ ಕೇಳಿ ಕೇಳಿ ಸಾಕಾಗಿತ್ತು. ಆಯೋಗವನ್ನು ಕೇಳಿ, ನನ್ನ ತಲೆ ತಿನ್ನಬೇಡಿ ಎಂದು ಗದರುತ್ತಿದ್ದೆ.

ಆ ವರ್ಷ ಎಂಬತ್ತೇಳು ಕೋವಿ ಬಂದವು. ಪದ್ಮಯ್ಯ ಗೌಡರು ತಮ್ಮ ಒಂಟಿ ನಳಿಗೆಯ ಕೋವಿಯನ್ನು ಕಿರಿಮಗ ತೀರ್ಥರಾಮನ ಜೀಪಿನಲ್ಲಿ ತಂದು ಇಟ್ಟು, ರಶೀದಿಯನ್ನು ಬನಿಯನ್ನಿನ ಒಳಜೇಬಿಗೆ ಹಾಕಿಕೊಂಡು ಹೋದರು. ಮತದಾನದ ವಾರದಲ್ಲೇ ಅವರು ತೀರಿಕೊಂಡರು. ಒಳ್ಳೆಯ ಮನುಷ್ಯ. ಉತ್ತರಕ್ರಿಯೆಗೆ ನಾನೂ ಹೋಗಿ ಊಟ ಮಾಡಿ ಬಂದೆ.

ಮೇ ಕೊನೆಗೆ ವಾಪಸು ಕೊಡುವ ಕೆಲಸ ಶುರುವಾಯಿತು. ಬೆಳಿಗ್ಗೆಯಿಂದ ಅಂಗಳದ ತುಂಬ ಜನ, ಎಲ್ಲರಿಗೂ ಅವಸರ, ಎಲ್ಲರಿಗೂ ಸಿಟ್ಟು. ಲೈಸೆನ್ಸ್ ಯಾರ ಹೆಸರಲ್ಲಿದೆಯೋ ಅವರೇ ಬಂದು ಸಹಿ ಹಾಕಿ ಒಯ್ಯಬೇಕು ಎಂಬುದು ನಿಯಮ. ಆದರೆ ನಮ್ಮಲ್ಲಿ ನಡೆಯುತ್ತಿದ್ದದ್ದೇ ಬೇರೆ. ಮುದುಕರನ್ನು ಮತ್ತೆ ಯಾಕೆ ಅಲೆದಾಡಿಸುವುದು ಎಂದು ರಶೀದಿ ತಂದ ಮಗನಿಗೋ ಅಳಿಯನಿಗೋ ಕೊಟ್ಟುಬಿಡುತ್ತಿದ್ದೆವು. ನಾನು ಬರುವ ಮೊದಲಿನಿಂದಲೂ ಹಾಗೆಯೇ ಇತ್ತು. ತೀರ್ಥರಾಮ ರಶೀದಿ ಚಾಚಿದ. ನಂಬರು ನೋಡಿದೆ, ಕೋವಿ ತೆಗೆದು ಕೊಟ್ಟೆ, ಸಹಿ ಹಾಕಿಸಿದೆ. ಅಪ್ಪನ ಹೆಸರಿನ ಮುಂದೆ ಅವನು ಒಂದು ಗೀಚು ಗೀಚಿದ. ನನ್ನ ಕಣ್ಣು ಆಗಲೇ ಅವನ ಹಿಂದೆ ನಿಂತವನ ರಶೀದಿಯ ಮೇಲಿತ್ತು.

ಲೈಸೆನ್ಸುದಾರ ಸತ್ತರೆ ಕೋವಿ ಠಾಣೆಯಲ್ಲೋ ಅಧಿಕೃತ ಕೋವಿ ಅಂಗಡಿಯಲ್ಲೋ ಇರಬೇಕು. ವಾರಸುದಾರರು ತಮ್ಮ ಹೆಸರಿಗೆ ಹೊಸ ಲೈಸೆನ್ಸ್ ಮಾಡಿಸಿಕೊಳ್ಳುವ ತನಕ ಅದನ್ನು ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಶಸ್ತ್ರ ಕಾಯ್ದೆಯ ಕೇಸು, ಸಾಬೀತಾದರೆ ಜೈಲು. ಇದು ತೀರ್ಥರಾಮನಿಗೆ ಗೊತ್ತಿರಲಿಲ್ಲ. ನನಗೆ ಚೆನ್ನಾಗಿ ಗೊತ್ತಿತ್ತು.

ಜೂನ್‌ನಲ್ಲಿ ಅವನ ಅಣ್ಣ ವಿಶ್ವನಾಥ ಲಿಖಿತ ದೂರು ತಂದ. ಪುತ್ತೂರಿನಲ್ಲಿ ವ್ಯಾಪಾರ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಕೋವಿ ಹಿರಿಮಗನಿಗೆ ಸೇರಬೇಕಾದ್ದು, ತಮ್ಮ ಕೊಡುವುದಿಲ್ಲ ಎಂದು ಹಟ ಹಿಡಿದಿದ್ದಾನೆ, ಹಾಗಾದರೆ ಅವನು ಲೈಸೆನ್ಸ್ ಇಲ್ಲದೆ ಇಟ್ಟುಕೊಂಡಿದ್ದಾನೆ ಎಂದೇ ಕೇಸು ಹಾಕಿ ಎಂಬುದು ಅವನ ಒತ್ತಾಯ. ಒಂದು ಹಳೆಯ ಕೋವಿಗಾಗಿ ಒಡಹುಟ್ಟಿದವನನ್ನು ಜೈಲಿಗೆ ಕಳಿಸಲು ಹೊರಟವನನ್ನು ಕಂಡು ನನಗೆ ಅಸಹ್ಯವಾಯಿತು. ಆದರೂ ದೂರು ಬರೆದುಕೊಂಡೆ.

ಸಬ್ ಇನ್‌ಸ್ಪೆಕ್ಟರ್ ಹೊಸಬರು, ಹೊರ ಜಿಲ್ಲೆಯವರು. ಮಧ್ಯಾಹ್ನದೊಳಗೆ ಕೋವಿಯ ಸಮೇತ ತೀರ್ಥರಾಮನನ್ನು ಕರೆಸಿದರು. ಠೇವಣಿಯಲ್ಲಿದ್ದ ಕೋವಿ ಹೊರಗೆ ಹೋದದ್ದು ಹೇಗೆ ಎಂದು ಕೇಳಿದರು. ಠಾಣೆಯಿಂದಲೇ ಕೊಟ್ಟರು ಎಂದ.

"ಯಾರು ಕೊಟ್ಟದ್ದು?"

ತೀರ್ಥರಾಮ ನನ್ನನ್ನೇ ನೋಡಿದ. "ಕೊಟ್ಟವರಿಗೆ ಬಾಯಿ ಉಂಟು ಸಾರ್. ಅವರೇ ಹೇಳ್ಲಿ."

ನಾನು ಬಾಯಿ ಬಿಡಲಿಲ್ಲ. ಸಾಹೇಬರು ರಿಜಿಸ್ಟರು ತರಲು ಹೇಳಿದರು. ಅದು ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಹುಡುಕುತ್ತೇನೆ ಸರ್ ಎಂದೆ. ಮೂವತ್ತು ವರ್ಷದ ಸರ್ವಿಸಿನಲ್ಲಿ ಅಷ್ಟು ಹೇಸಿಗೆಯ ಮಾತು ಇನ್ನೊಂದು ಆಡಿಲ್ಲ. ಇವನು ಕದ್ದು ಒಯ್ದಿರಬೇಕು, ಇಲ್ಲವೇ ಸತ್ತವರ ಹೆಸರಲ್ಲಿ ಮೋಸದ ಸಹಿ ಹಾಕಿರಬೇಕು ಎಂದು ಸಾಹೇಬರು ತೀರ್ಮಾನಿಸಿದರು. ಎಫ್‌ಐಆರ್ ಬರೆದದ್ದು ನನ್ನ ಕೈಯೇ. ಸಂಜೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದರು, ಅಲ್ಲಿಂದ ಅವನನ್ನು ಜೈಲಿಗೆ ಕಳಿಸಿದರು. ವ್ಯಾನು ಹತ್ತುವಾಗ ಅವನು ನನ್ನ ಬೂಟಿನ ಹತ್ತಿರ ಉಗಿದ. ಜೊತೆಗಿದ್ದ ಕಾನ್‌ಸ್ಟೆಬಲ್ ಕೈ ಎತ್ತಿದ, ನಾನು ತಡೆದೆ. ನನ್ನಿಂದ ಅಂದು ಆದ ಉಪಕಾರ ಅಷ್ಟೇ.

ಎರಡು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎಲ್ಲರೂ ಹಾಗೆಯೇ ಕೊಡುತ್ತಿದ್ದರಲ್ಲ, ನಾನೊಬ್ಬನೇ ಏನು ಎಂದು. ಸಾವಿನ ಸಂಗತಿ ಆ ಗಡಿಬಿಡಿಯಲ್ಲಿ ನೆನಪಾಗಲಿಲ್ಲ ಎಂದು ಒಂದು ನೆವವನ್ನೂ ಹುಡುಕಿಟ್ಟೆ. ಮೂರನೆಯ ದಿನ ಬೆಳಿಗ್ಗೆ ತೀರ್ಥರಾಮನ ಹೆಂಡತಿ ಲೀಲಾವತಿ ಬಂದು ನನ್ನ ಮೇಜಿನ ಎದುರು ನಿಂತರು. ಕೂತುಕೊಳ್ಳಿ ಎಂದರೆ ಕೂರಲಿಲ್ಲ. ಅಳಲೂ ಇಲ್ಲ.

"ಮಾವ ತೀರಿಹೋದದ್ದು ನಿಮಗೆ ಗೊತ್ತಿರ್ಲಿಲ್ವಾ ರೈಟ್ರೆ?"

ಕೆಲಸದ ಗಡಿಬಿಡಿ ಎಂದು ಏನೋ ಶುರುಮಾಡಿದೆ.

"ಉತ್ತರಕ್ರಿಯೆಗೆ ಬಂದಿದ್ರಲ್ಲ. ನಿಮಗೆ ಎರಡು ಸರ್ತಿ ಪಾಯಸ ಬಡಿಸಿದ್ದು ನಾನು. ನಮ್ಮವರಿಗೆ ಕಾನೂನು ಗೊತ್ತಿಲ್ಲ. ನಿಮಗೆ ಎಂತ ಗೊತ್ತಿಲ್ಲ ಹೇಳಿ?"

ಅವರು ತಿರುಗಿ ಹೊರಟರು. ನನಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಎದ್ದು ಕಪಾಟಿನಿಂದ ರಿಜಿಸ್ಟರು ತೆಗೆದು ಸಾಹೇಬರ ಮುಂದೆ ಇಟ್ಟು, ಕೊಟ್ಟದ್ದು ನಾನು, ಸತ್ತದ್ದು ಗೊತ್ತಿದ್ದೇ ಕೊಟ್ಟೆ, ಮೊನ್ನೆ ನಿಮಗೆ ಸುಳ್ಳು ಹೇಳಿದೆ ಎಂದೆ. ಅವರು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ನಿನ್ನ ಜೊತೆ ನನ್ನನ್ನೂ ಮುಳುಗಿಸಿದೆಯಲ್ಲ ಎಂಬುದು ಅದರ ಸಾರ. ಮೇಲಿನವರಿಗೆ ಮುಟ್ಟಿಸದೆ ಮುಗಿಸೋಣ ಎಂದೂ ಒಮ್ಮೆ ಹೇಳಿ ನೋಡಿದರು. ನಾನು ಒಪ್ಪದೆ ಲಿಖಿತ ಹೇಳಿಕೆ ಕೊಟ್ಟೆ.

ಐದನೆಯ ದಿನ ತೀರ್ಥರಾಮನಿಗೆ ಜಾಮೀನಾಯಿತು. ಇಂಥ ಕೇಸು ನಡೆಸಲು ಜಿಲ್ಲಾಧಿಕಾರಿಯ ಮಂಜೂರಾತಿ ಬೇಕು. ಪೊಲೀಸರೇ ಕೈಯಾರೆ ಕೊಟ್ಟ ಕೋವಿಗೆ ಅವನನ್ನು ಹೇಗೆ ಶಿಕ್ಷಿಸುವುದು ಎಂದು ಅವರು ಮಂಜೂರಾತಿ ಕೊಡಲಿಲ್ಲ. ಕೇಸು ಅಲ್ಲಿಗೆ ಬಿದ್ದುಹೋಯಿತು. ನನ್ನ ಮೇಲೆ ಇಲಾಖಾ ವಿಚಾರಣೆ ನಡೆದು ಒಂದು ಇಂಕ್ರಿಮೆಂಟ್ ಹೋಯಿತು. ಬರಬೇಕಾಗಿದ್ದ ಎಎಸ್‌ಐ ಬಡ್ತಿ ಮೂರು ವರ್ಷ ತಡವಾಯಿತು. ವಿಶ್ವನಾಥ ಒಮ್ಮೆ ಪೇಟೆಯಲ್ಲಿ ಎದುರಾಗಿ, ನಡುವೆ ಬಾಯಿ ಹಾಕಿ ನಿಮಗೆ ಎಂತ ಸಿಕ್ಕಿತು ಎಂದು ಕೇಳಿದ. ನಿನ್ನಂಥವನ ಮುಖ ನೋಡುವ ಕರ್ಮ ಎಂದು ಹೇಳಿ ಮುಂದೆ ಹೋದೆ.

ಆ ಕೇಸು ನನಗೆ ಕಲಿಸಿದ್ದು ಇಷ್ಟು: ನಿಯಮ ಬದಿಗಿಟ್ಟು ನಾವು ಮಾಡುವ ಸಣ್ಣ ಉಪಕಾರದಿಂದ ನಮಗೆ ಒಳ್ಳೆಯವನೆಂಬ ಹೆಸರು ಬರುತ್ತದೆ, ಅದರ ಪೆಟ್ಟು ತಿನ್ನುವವನು ಬೇರೆ. ತೀರ್ಥರಾಮ ಐದು ದಿನ ತಿಂದ. ಅದರಲ್ಲಿ ಮೂರು ದಿನ ನನ್ನ ಸುಳ್ಳಿನವು, ಯಾವ ಇಂಕ್ರಿಮೆಂಟ್ ಕಳೆದರೂ ಅವು ಕಳೆಯುವುದಿಲ್ಲ.

2024ರ ಚುನಾವಣೆ ನನ್ನ ಸರ್ವಿಸಿನ ಕೊನೆಯದು. ಎಎಸ್‌ಐ ಆಗಿ ಅದೇ ಠಾಣೆಗೆ ಬಂದಿದ್ದೆ, ಠೇವಣಿಯ ಉಸ್ತುವಾರಿಯೂ ನನ್ನದೇ. ತೀರ್ಥರಾಮ ಬಂದ. ಕೋವಿ ಈಗ ಅವನ ಹೆಸರಿಗಾಗಿತ್ತು. ಐದು ವರ್ಷದಲ್ಲಿ ನನ್ನೊಡನೆ ಒಂದು ಮಾತಾಡಿದವನಲ್ಲ. ಲೈಸೆನ್ಸ್ ಪುಸ್ತಕವನ್ನು ಮೇಜಿನ ಮೇಲೆ ಬಿಸಾಡಿ, ರಶೀದಿ ಹರಿದು ಕೊಡುವ ತನಕ ಗೋಡೆ ನೋಡುತ್ತಾ ನಿಂತ. ಆಮೇಲೆ ಹೇಳಿದ:

"ವಾಪಸು ಕೊಡುವಾಗ ನಾನು ಬದುಕಿದ್ದೇನಾ ಅಂತ ಸರಿ ನೋಡಿ ಕೊಡಿ. ನನಗೂ ಮಗ ಉಂಟು."