ಸಾಲು ಮುಗಿದಾಗ ಏಳುವ ಕೈ

ಮಾತಿನ ನಡುವೆ ಅವರ ಎಡಗೈ ತನ್ನಷ್ಟಕ್ಕೆ ಮೇಲೇಳುತ್ತಿತ್ತು. ಎದೆಯ ಮಟ್ಟಕ್ಕೆ ಬಂದು, ಗಾಳಿಯನ್ನು ಎಡದಿಂದ ಬಲಕ್ಕೆ ಮೆಲ್ಲಗೆ ತಳ್ಳಿ, ಮತ್ತೆ ತೊಡೆಯ ಮೇಲೆ ಇಳಿದು ಕೂರುತ್ತಿತ್ತು. ಕಿರುಬೆರಳು ಹೊರಕ್ಕೆ ಸೊಟ್ಟಗಾಗಿತ್ತು, ಅದರ ಪಕ್ಕದ ಬೆರಳಿನಲ್ಲಿ ನೀಲಿ ಫಿರೋಜಾ ಕಲ್ಲಿನ ಬೆಳ್ಳಿಯುಂಗುರ. ಮೊದಲ ದಿನ ನೊಣ ಓಡಿಸುತ್ತಿದ್ದಾರೆ ಅಂದುಕೊಂಡೆ. ಬೀದರದ ಹಳೇ ಊರಿನಲ್ಲಿ, ಕೆಳಗೆ ಮಿಠಾಯಿ ಅಂಗಡಿಯಿದ್ದ ಮಹಡಿಯ ಟೈಪಿಂಗ್ ಕ್ಲಾಸಿನ ಕೋಣೆ ಅದು, ನೊಣಕ್ಕೇನೂ ಬರವಿರಲಿಲ್ಲ. ಅವರು ಒಂದು ಮಾತು ಮುಗಿಸಿದಾಗಲೆಲ್ಲ ಆ ಕೈ ಏಳುತ್ತದೆ ಎಂದು ತಿಳಿಯಲು ನನಗೆ ವಾರ ಹಿಡಿಯಿತು. ನಲವತ್ತು ವರ್ಷ ಟೈಪ್‌ರೈಟರ್ ಮುಂದೆ ಕೂತ ಮನುಷ್ಯ. ಸಾಲಿನ ಕೊನೆಗೆ ಗಂಟೆ ಬಡಿದರೆ ಎಡಗೈಯಿಂದ ಹಿಡಿಕೆಯನ್ನು ಬಲಕ್ಕೆ ತಳ್ಳಿ ಕಾಗದವನ್ನು ಹೊಸ ಸಾಲಿಗೆ ತರಬೇಕು. ಯಂತ್ರ ಎದುರಿಗಿಲ್ಲದಾಗಲೂ ಕೈ ಆ ಕೆಲಸ ಬಿಟ್ಟಿರಲಿಲ್ಲ.

ಎಲ್ಲರೂ ಅವರನ್ನು ಮಾಸ್ಟರ್ ಸಾಹೇಬ್ರು ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಕೋಣೆಯ ಒಂದು ಮಗ್ಗುಲಿಗೆ ಹಳೆಯ ಕನ್ನಡ ಟೈಪ್‌ರೈಟರುಗಳು, ಇನ್ನೊಂದು ಮಗ್ಗುಲಿಗೆ ಕಂಪ್ಯೂಟರುಗಳು. ಯಾರೇ ಬರಲಿ, ಎಷ್ಟೇ ಓದಿರಲಿ, ಮೊದಲ ತಿಂಗಳು ಟೈಪ್‌ರೈಟರ್ ಕಡೆಗೇ ಕೂರಬೇಕು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು.

“ಸಾಹೇಬ್ರ, ಪರೀಕ್ಷಾ ಇರೋದು ಕಂಪ್ಯೂಟರದು. ಈ ಡಬ್ಬಾ ಕುಟ್ಟಿ ಏನ್ ಮಾಡ್ಲಿರಿ?” ಅಂದೆ.

“ಕಂಪ್ಯೂಟರು ತಪ್ಪಿಗಿ ಮಾಫಿ ಕೊಡ್ತದ ಬೇಟಿ, ಇದು ಕೊಡಲ್ಲ. ಮಾಫಿ ಕೊಡದವರ ಹಂತೇಲಿ ಮೊದಲ ಕಲಿ,” ಅಂದರು. ಕೈ ಎದ್ದಿತು, ಇಳಿಯಿತು. ಅಲ್ಲಿಗೆ ಆ ವಾದ ಮುಗಿಯಿತು.

ನಾನು ಅಲ್ಲಿಗೆ ಶೋಕಿಗಾಗಿ ಹೋದವಳಲ್ಲ. ಔರಾದದ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ ಜ್ವರವೆಂದು ಮಲಗಿದವರು ಏಳಲಿಲ್ಲ. ಅನುಕಂಪದ ಆಧಾರದ ಮೇಲೆ ಅದೇ ಕಚೇರಿಯಲ್ಲಿ ನನಗೆ ನೌಕರಿ ಸಿಕ್ಕಿತು. ಆದರೆ ಕಂಪ್ಯೂಟರ್ ಪರೀಕ್ಷೆ ಪಾಸಾಗದೆ ಅದು ಕಾಯಂ ಆಗುವುದಿಲ್ಲ. ಮಗಳು ಭಾಲ್ಕಿಯಲ್ಲಿ ನಮ್ಮತ್ತೆಯ ಹತ್ತಿರ, ಒಂದನೇ ತರಗತಿ. ನಾನು ಬೀದರದಲ್ಲಿ ಅಕ್ಕನ ಮನೆಯಲ್ಲಿದ್ದು, ದಿನಾ ಬಸ್ಸಿನಲ್ಲಿ ಜನವಾಡ ದಾಟಿ ಔರಾದಕ್ಕೆ ಹೋಗಿ ಬಂದು, ಸಂಜೆ ಪಾಠಕ್ಕೆ ಕೂರುತ್ತಿದ್ದೆ. ಭಾನುವಾರ ಒಂದೇ ದಿನ ಭಾಲ್ಕಿ. ಔರಾದದಲ್ಲಿ ಮನೆ ಹಿಡಿದು ಮಗಳನ್ನು ಕರೆದೊಯ್ಯುತ್ತೇನೆ ಅಂದರೆ ಅತ್ತೆ ಖಡಾಖಂಡಿತ ಹೇಳಿಬಿಟ್ಟಿದ್ದರು.

“ನಿನ್ನ ನೌಕರಿ ಪಕ್ಕಾ ಆಗ್ಲಿ, ಅವತ್ತ ಹುಡುಗೀನ ಕಳಸ್ತೇನಿ. ಅರ್ಧಾ ನೌಕರಿ ನಂಬಿ ಕೂಸಿನ ಸಾಲಿ ಬಿಡಸೂದು ಬ್ಯಾಡ.”

ಕೆಟ್ಟ ಮಾತೇನಲ್ಲ, ಸರಿಯಾದ ಮಾತೇ. ಅದಕ್ಕೇ ಹೆಚ್ಚು ಚುಚ್ಚುತ್ತಿತ್ತು. ಸೋಮವಾರ ನಸುಕಿನಲ್ಲಿ ಮಗಳ ಮುಷ್ಟಿಯಿಂದ ನನ್ನ ಸೆರಗು ಬಿಡಿಸಿಕೊಂಡು ಬಸ್ಸು ಹತ್ತುವಾಗ ಆ ಪರೀಕ್ಷೆಯ ಮೇಲೆ ನನಗೆ ವೈರಿಯ ಮೇಲಿನಷ್ಟು ಸಿಟ್ಟು ಬರುತ್ತಿತ್ತು.

ಸಾಹೇಬ್ರು ಕಲಿಸುವಾಗ ಬೆನ್ನ ಹಿಂದೆ ನಿಲ್ಲುತ್ತಿದ್ದರು. ಕಾಗದವನ್ನಾಗಲಿ ಪರದೆಯನ್ನಾಗಲಿ ನೋಡುತ್ತಿರಲಿಲ್ಲ, ಕಣ್ಣೆಲ್ಲ ನಮ್ಮ ಕೈಗಳ ಮೇಲೆ. “ತಪ್ಪು ಕಾಣೋದು ಕಾಗದದ ಮ್ಯಾಲ, ಆಗೋದು ಕೈಯಾಗ,” ಅನ್ನುತ್ತಿದ್ದರು. ನಮಗೂ ಅದೇ ಚಟ ಹತ್ತಿತು. ಬಸ್ಸಿನಲ್ಲಿ ಕಂಡಕ್ಟರ್ ಟಿಕೇಟು ಕೊಡುವಾಗಲೂ ನಾನು ಅವನ ಬೆರಳು ನೋಡುವಂತಾಯಿತು. ತಿಂಗಳಾದ ಮೇಲೆ ಕಂಪ್ಯೂಟರಿಗೆ ಬಡ್ತಿ ಸಿಕ್ಕಿತು. ಯಾವುದು ಎಲ್ಲಿದೆ, ಏನು ಒತ್ತಿದರೆ ಏನಾಗುತ್ತದೆ ಎಂದು ಕೈಗೆ ಹತ್ತಿತು. ಪರೀಕ್ಷೆ ಇನ್ನು ನನ್ನದೇ ಅಂದುಕೊಂಡೆ.

ಅಷ್ಟರಲ್ಲಿ ಪ್ರಕಟಣೆ ಬಂತು. ಇನ್ನು ಮುಂದೆ ಪರೀಕ್ಷೆ ಹೊಸ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಮಾತ್ರ. ಸಾಹೇಬ್ರು ಹಲ್ಲು ಕಚ್ಚಿಕೊಂಡು ಎಲ್ಲ ಕಂಪ್ಯೂಟರಿಗೂ ಹೊಸದನ್ನು ಹಾಕಿಸಿದರು. ಮರುದಿನ ಹೋಗಿ ಕೂತರೆ, ನಾನು ಊರಿಗೆ ಹೋದಾಗ ಯಾರೋ ಅಡುಗೆಮನೆ ಹೊಕ್ಕು ಡಬ್ಬಿಗಳನ್ನೆಲ್ಲ ಜಾಗ ಬದಲಿಸಿ ಇಟ್ಟ ಹಾಗಿತ್ತು. ಕೆಲಸ ಶುರು ಮಾಡುವ ಸ್ಟಾರ್ಟ್ ಗುಂಡಿ ಪರದೆಯ ಎಡಮೂಲೆ ಬಿಟ್ಟು ನಡುವಿಗೆ ಬಂದು ಕೂತಿತ್ತು. ನನ್ನ ಕೈ ಪ್ರತಿ ಸಲ ಎಡಮೂಲೆಗೇ ಓಡುತ್ತಿತ್ತು. ನಾನು ಕೈಗೂ ಬೈದೆ, ಕಂಪ್ಯೂಟರಿಗೂ ಬೈದೆ, ಇದನ್ನು ಮಾಡಿದವರ ಮನೆತನಕ್ಕೂ ಬೈದೆ.

ಸಾಹೇಬ್ರಿಗೆ ಸಿಟ್ಟು ನನಗಿಂತ ಜಾಸ್ತಿ, ಆದರೆ ತೋರಿಸುವ ರೀತಿ ಬೇರೆ. ಕೆಲಸದ ನಡುವೆ ಪರದೆ ಕಪ್ಪಾಗಿ, ತಾನು ಅಪ್‌ಡೇಟ್ ಆಗುತ್ತಿದ್ದೇನೆಂದು ಚುಕ್ಕಿಗಳು ಗುಂಡಗೆ ತಿರುಗತೊಡಗಿದರೆ, ನಮಾಜಿನ ನಂತರ ಮಣಿ ಎಣಿಸುವವರ ಎದುರು ನಿಂತಂತೆ ದನಿ ತಗ್ಗಿಸಿ, “ಅದು ತಸ್ಬಿ ಎಣಸ್ಲಿಕ್ಕತ್ತದ. ನಡುವ ಮಾತಾಡಸಬಾರ್ದು. ಚಾಯ್ ತರಸ್ರಿ,” ಅನ್ನುತ್ತಿದ್ದರು. ಎಷ್ಟೋ ಸಂಜೆ ಪಾಠಕ್ಕಿಂತ ಚಹಾ ಹೆಚ್ಚಾಯಿತು.

ಪರೀಕ್ಷೆ ಹತ್ತಿರ ಬಂತೆಂದು ಅವರು ಎರಡು ಹೊಸ ಕಂಪ್ಯೂಟರ್ ತರಿಸಿದರು. ಬೆರಳು ತಾಗಿದರೆ ಸಾಕು, ಪರದೆಯೇ ಕೆಲಸ ಮಾಡುವಂಥವು. ಇಡಲು ಬೇರೆ ಜಾಗವಿಲ್ಲದೆ ಟೈಪ್‌ರೈಟರ್ ಇಡುವ ಕಿರಿದಾದ ಮೇಜಿನ ಮೇಲೇ ಇಟ್ಟರು. ಅಲ್ಲಿಂದ ಹೊಸ ಪೀಡೆ ಶುರುವಾಯಿತು. ಸಾಹೇಬ್ರು ಒಂದು ಸಾಲು ಹೊಡೆದರೆ ಸಾಕು, ಪರದೆಯ ಎಡಗಡೆಯಿಂದ ಒಂದು ದೊಡ್ಡ ಫಲಕ ಜಾರಿ ಬಂದು ಬರೆದದ್ದನ್ನು ಮುಚ್ಚುತ್ತಿತ್ತು. ಅದರಲ್ಲಿ ಬೀದರದ ಬಿಸಿಲೆಷ್ಟು, ನಾಳೆ ಮಳೆಯುಂಟೋ ಇಲ್ಲವೋ, ಎಲ್ಲಿಯೋ ಯಾರೋ ಆಡಿದ ಕ್ರಿಕೆಟ್ಟು. ಮುಚ್ಚಿ ಇನ್ನೊಂದು ಸಾಲು ಹೊಡೆದರೆ ಮತ್ತೆ ಬಿಸಿಲು, ಮತ್ತೆ ಕ್ರಿಕೆಟ್ಟು.

“ನಾ ಅರ್ಜಿ ಬರೀಲಿಕ್ಕತ್ತೀನಿ, ಇದು ನನಗ ಮಳಿ ಸುದ್ದಿ ಹೇಳ್ತದ,” ಎಂದು ಅವರು ಟೋಪಿ ತೆಗೆದು ತಲೆ ಒರೆಸಿಕೊಂಡರು.

ಅಂಗಡಿಯಿಂದ ರಿಪೇರಿಯವನು ಬಂದ. ಕೂತು ಪಟಪಟನೆ ಅರ್ಧ ಪುಟ ಟೈಪ್ ಮಾಡಿದ. ಮಳೆಯೂ ಇಲ್ಲ, ಬಿಸಿಲೂ ಇಲ್ಲ. “ಮಷೀನ್ ಬರಾಬರ್ ಅದರಿ ಚಾಚಾ,” ಎಂದು ಎದ್ದು ಹೋದ. ಅವನು ಮೆಟ್ಟಿಲು ಇಳಿದಿರಲಿಲ್ಲ, ಸಾಹೇಬ್ರು ಕೂತು ಒಂದು ಸಾಲು ಹೊಡೆದರು, ಫಲಕ ಜಾರಿ ಬಂತು. ವಾರಗಟ್ಟಲೆ ಹೀಗೇ ನಡೆಯಿತು. ಅವರು ಮಾತು ಕಡಿಮೆ ಮಾಡಿದರು. ಒಂದು ಸಂಜೆ, “ನನ್ನ ಜಮಾನಾ ಮುಗೀತು ಅನ್ನಸ್ತದ. ನೀವೆಲ್ಲ ಬ್ಯಾರೆ ಕಡಿ ಸೇರ್ಕೊಳ್ರಿ,” ಅಂದರು. ಬೇರೆ ಕಡೆ ಎಂದರೆ ಎಲ್ಲಿ, ಪರೀಕ್ಷೆಗೆ ಉಳಿದದ್ದು ಒಂದೇ ತಿಂಗಳು.

ಮರುದಿನ ನಾನು ಸುಮ್ಮನೆ ಅವರ ಹಿಂದೆ ಕುರ್ಚಿ ಹಾಕಿಕೊಂಡು ಕೂತೆ. ಪರದೆ ನೋಡಿ ನೋಡಿ ಬೇಸರವಾಗಿತ್ತು, ಚಟದಂತೆ ಅವರ ಕೈ ನೋಡುತ್ತಿದ್ದೆ. ಸಾಲು ಮುಗಿಯಿತು. ಎಡಗೈ ಎದ್ದಿತು. ಸೊಟ್ಟ ಕಿರುಬೆರಳು ಪರದೆಯ ಎಡ ಅಂಚನ್ನು ಸವರಿ ಬಲಕ್ಕೆ ಸರಿಯಿತು. ಫಲಕ ಬಂತು.

“ಸಾಹೇಬ್ರ,” ಅಂದೆ, “ಮಷೀನಿನ ತಪ್ಪಲ್ರಿ. ನಿಮ್ಮ ಕೈ.”

ಕೋಣೆಯಲ್ಲಿದ್ದವರ ಬೆರಳೆಲ್ಲ ನಿಂತವು. ಅವರ ಕೈಗೆ ತಪ್ಪು ಎಂದು ಆ ಕೋಣೆಯಲ್ಲಿ ಯಾರೂ ಅಂದಿರಲಿಲ್ಲ. ಅವರು ತಮ್ಮ ಎಡಗೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡರು. ಮತ್ತೆ ಬೇಕೆಂದೇ ನಿಧಾನವಾಗಿ ಪರದೆಯ ಅಂಚಿಗೆ ತಾಗಿಸಿ ತಳ್ಳಿದರು. ಬೀದರದ ಬಿಸಿಲು ಬಂತು. ಅವರು ನಗಲು ಶುರು ಮಾಡಿದರೆ ಕೆಮ್ಮು ಬಂದು ನೀರು ಕೊಡಬೇಕಾಯಿತು.

“ಇನ್ನ ಕೈ ಬಿಗಿ ಹಿಡೀರಿ,” ಅಂದೆ ನಾನು, ದೊಡ್ಡ ಜಾಣೆಯ ಹಾಗೆ.

“ಯಾಕ? ನಲವತ್ತು ವರ್ಷ ಈ ಕೈ ನನಗ ರೊಟ್ಟಿ ಹಾಕ್ಯಾದ. ಈಗ ಅದಕ್ಕ ಬೈಲೇನು? ಅದು ಏಳ್ತದ, ಏಳ್ಲಿ. ಸ್ಕ್ರೀನು ಒಂದು ಗೇಣ ಹಿಂದ ಸರಸ್ರಿ.”

ಮೇಜಿನ ಹಿಂದೆ ಒಂದು ಹಲಗೆ ಜೋಡಿಸಿ ಪರದೆಯನ್ನು ಹಿಂದಕ್ಕಿಟ್ಟೆವು. ಕೈ ಗಾಳಿಯಲ್ಲಿ ತನ್ನ ಪಾಡಿಗೆ ತಾನು ಹೋಗಿ ಬಂತು. ಮಳೆ ಸುದ್ದಿ ನಿಂತಿತು. ಆಮೇಲೆ ಅವರು ನನ್ನ ಕಡೆ ತಿರುಗಿ, “ನಿನ್ನ ಕೈ ಎಡಮೂಲಿಗಿ ಹೋಗ್ತದಲ್ಲ, ಹೋಗಿ ಬರ್ಲಿ. ಅಲ್ಲಿ ಯಾರೂ ಇಲ್ಲ ಅಂತ ಅದಕ್ಕ ಗೊತ್ತಾಗ್ಲಿಕ್ಕ ಟೈಮ್ ಬೇಕು. ನೀ ಬೈಬ್ಯಾಡ,” ಅಂದರು.

ಅವರು ಗುಂಡಿಯ ಮಾತು ಹೇಳಿದ್ದರು. ನನಗೆ ಮಾತ್ರ ಊಟದ ತಾಟು ನೆನಪಾಯಿತು. ಗಂಡ ಹೋದ ಮೇಲೂ ಎಷ್ಟೋ ತಿಂಗಳವರೆಗೆ ನನ್ನ ಕೈ ಊಟಕ್ಕೆ ಅವರ ತಾಟನ್ನೂ ತೆಗೆದಿಡುತ್ತಿತ್ತು, ಪ್ರತಿ ಸಲ ನಾನು ಆ ಕೈಗೆ ಬೈದು ತಾಟು ವಾಪಸ್ಸು ಇಡುತ್ತಿದ್ದೆ. ಬೈಬೇಡ ಎಂದು ಹೇಳಿದವರು ಸಾಹೇಬ್ರೊಬ್ಬರೇ.

ಮರುದಿನದಿಂದ ಸಾಹೇಬ್ರು ತಮ್ಮ ಕುರ್ಚಿ ಬಿಟ್ಟು ನಮ್ಮ ಬೆಂಚಿಗೆ ಬಂದು ಕೂತರು. ದಿನಕ್ಕೆ ಒಬ್ಬರು ಹೊಸ ಸಿಸ್ಟಮ್ಮಿನಲ್ಲಿ ತಾವು ಕಂಡುಕೊಂಡ ಒಂದು ಸಂಗತಿ ಅವರಿಗೆ ಕಲಿಸಬೇಕು. “ಇವತ್ತ ಯಾವ ಗಲ್ಲಿ ತೋರಸ್ತಿ?” ಎಂದು ಕೇಳುತ್ತಿದ್ದರು. ದಾರಿ ತಪ್ಪಿದರೆ ಏನು ಮಾಡಬೇಕೆಂಬುದನ್ನು ಮಾತ್ರ ಅವರೇ ಕಲಿಸಿದರು. ನಮ್ಮ ಹಳೇ ಊರಿನ ನಡುವೆ ಚೌಬಾರಾ ಎಂಬ ಗುಂಡನೆಯ ಗೋಪುರವಿದೆ, ನಾಲ್ಕೂ ಕಡೆಯ ರಸ್ತೆಗಳು ಅದರ ಬುಡಕ್ಕೆ ಬಂದು ಕೂಡುತ್ತವೆ. ಯಾವ ಗಲ್ಲಿಯಲ್ಲಿ ಸಿಕ್ಕಿಕೊಂಡರೂ ಅಲ್ಲಿಗೆ ಬಂದರೆ ಮನೆಯ ದಾರಿ ತಿಳಿಯುತ್ತದೆ. ಅವರು ಅದರ ಫೋಟೋ ತೆಗೆದು ಎಲ್ಲ ಕಂಪ್ಯೂಟರುಗಳ ಮುಖಪರದೆಗೆ, ಅಂದರೆ ಡೆಸ್ಕ್‌ಟಾಪಿಗೆ, ಹಾಕಿದರು. ಗೋಪುರ ವಾಲಿತ್ತು, ಮೂಲೆಯಲ್ಲಿ ಅರ್ಧ ಆಟೋ. ಕಿಟಕಿ ಗುರುತಿನ ಕೀಲಿಯ ಜೊತೆ ಡಿ ಒತ್ತಿದರೆ ತೆರೆದದ್ದೆಲ್ಲ ಸರಿದು ಮುಖಪರದೆ ಬರುತ್ತದೆ. “ಗಾಬರಿ ಆದ್ರ ಹುಡುಕಬ್ಯಾಡ್ರಿ. ಮೊದಲ ಚೌಬಾರಾಕ್ಕ ಬರ್ರಿ, ಉಸುರು ತಗೋರಿ. ಅಲ್ಲಿಂದ ಹೋಗ್ರಿ.”

ಹೊರಗಿನವರೂ ಬರೆಯಬಹುದಾದ ಪರೀಕ್ಷೆ ಅದು. ಸಾಹೇಬ್ರು ತಾವೂ ಹೆಸರು ಕೊಟ್ಟರು. ನಿಮಗ್ಯಾಕ್ರಿ ಈ ಉಸಾಬರಿ ಎಂದು ನಾನು ಕೇಳಿದ್ದಕ್ಕೆ, “ನಾ ಪಾಸಾಗದ ಪರೀಕ್ಷಾಕ್ಕ ನಿಮ್ಮನ್ನ ಹ್ಯಾಂಗ ಕಳಸ್ಲಿ?” ಅಂದರು. ಪರೀಕ್ಷೆಯ ದಿನ ಕಾಲೇಜಿನ ಬಾಗಿಲಲ್ಲಿದ್ದವನು ಅವರನ್ನು ತಡೆದು, “ಮಗಳನ್ನ ಬಿಡ್ಲಿಕ್ಕ ಬಂದೀರೇನ್ರಿ? ಇಲ್ಲೇ ನಿಲ್ರಿ,” ಅಂದ. ಅವರು ಶೇರ್ವಾನಿಯ ಜೇಬಿನಿಂದ ಪ್ರವೇಶಪತ್ರ ತೆಗೆದು ತೋರಿಸಿ, ನನ್ನ ಮುಂದಿನ ಸಾಲಿನಲ್ಲಿ ಹೋಗಿ ಕೂತರು.

ನನ್ನದು ಅರ್ಧ ಚೆನ್ನಾಗಿ ಹೋಯಿತು. ಪತ್ರ ಟೈಪ್ ಮಾಡುವಾಗ ಬೆರಳು ಯಾವುದಕ್ಕೋ ತಾಗಿತು, ಬರೆದದ್ದೆಲ್ಲ ಮಾಯವಾಗಿ ಕಂಡು ಕೇಳರಿಯದ ಪುಟವೊಂದು ಪರದೆ ತುಂಬ ಹರಡಿಕೊಂಡಿತು. ಮುಚ್ಚಲು ಹೋದರೆ ಇನ್ನೊಂದು ತೆರೆಯಿತು. ಕೈ ಎಡಮೂಲೆಗೆ ಓಡಿತು. ಮೇಲ್ವಿಚಾರಕಿ ನನ್ನ ಕಡೆ ನೋಡಿ, ತಾವು ಏನೂ ಹೇಳುವ ಹಾಗಿಲ್ಲ ಎಂಬಂತೆ ತಲೆಯಾಡಿಸಿದರು. ಮಗಳ ಮುಷ್ಟಿಯಲ್ಲಿ ಸಿಕ್ಕಿದ ಸೆರಗು, ಇನ್ನೊಂದು ವರ್ಷದ ಸೋಮವಾರಗಳು, ಅಷ್ಟೇ ಕಾಣುತ್ತಿತ್ತು.

ತಲೆ ಎತ್ತಿದೆ. ಮುಂದಿನ ಸಾಲಿನಲ್ಲಿ ಎಡಗೈಯೊಂದು ಎದ್ದಿತು, ಗಾಳಿಯನ್ನು ಬಲಕ್ಕೆ ತಳ್ಳಿತು, ಇಳಿಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದಿತು. ಅವಸರವಿಲ್ಲ, ಗಾಬರಿಯಿಲ್ಲ. ಅವರು ಒಂದೊಂದೇ ಸಾಲು ಮುಗಿಸುತ್ತಿದ್ದರು. ಅದನ್ನು ನೋಡುತ್ತ ನೋಡುತ್ತ ನನಗೆ ಉಸಿರು ಬಂತು. ಕಿಟಕಿ ಕೀಲಿಯ ಜೊತೆ ಡಿ ಒತ್ತಿದೆ. ಅಲ್ಲಿ ಚೌಬಾರಾ ಇರಲಿಲ್ಲ, ಬರೀ ನೀಲಿ ಪರದೆ. ಆದರೂ ನಾನು ಎಲ್ಲಿದ್ದೇನೆಂದು ತಿಳಿಯಿತು. ಪರದೆಯ ಕೆಳಗಿನ ಪಟ್ಟಿಯಲ್ಲಿ ನನ್ನ ಪತ್ರ ಕೂತಿತ್ತು, ತೆರೆದರೆ ಒಂದಕ್ಷರವೂ ಕಳೆದಿರಲಿಲ್ಲ.

ಇಬ್ಬರೂ ಪಾಸಾದೆವು. ಕೆಳಗಿನ ಮಿಠಾಯಿ ಅಂಗಡಿಯವರಿಗೆ, ಆಟೋದವರಿಗೆ, ಚಹಾದವರಿಗೆ ಸಾಹೇಬ್ರು ವಾರವಿಡೀ ಹೇಳಿದ್ದು ತಮ್ಮ ಪಾಸಿನ ಸುದ್ದಿಯಲ್ಲ. “ನನಗಿಂತ ನಾಕು ಮಾರ್ಕ ಜಾಸ್ತಿ ತಗೊಂಡಾಳ್ರಿ,” ಎಂದು ನನ್ನನ್ನು ತೋರಿಸುತ್ತಿದ್ದರು. ನೌಕರಿ ಕಾಯಂ ಆಯಿತು. ಅತ್ತೆ ಮಾತಿಗೆ ತಪ್ಪಲಿಲ್ಲ. ಮಗಳನ್ನು ಕಳಿಸುವುದಲ್ಲದೆ, ಒಬ್ಬಳೇ ಹ್ಯಾಂಗ ಮಾಡ್ತಿ ಎಂದು ತಾವೂ ಗಂಟು ಕಟ್ಟಿಕೊಂಡು ಔರಾದಕ್ಕೆ ಬಂದರು.

ಹೋದ ಚಳಿಗಾಲದಲ್ಲಿ ಸಾಹೇಬ್ರು ತೀರಿಕೊಂಡರು. ಸುದ್ದಿ ಕೇಳಿ ಔರಾದದಿಂದ ಓಡಿ ಬಂದೆ. ಗಂಡಸರು ಆಗಲೇ ಅವರನ್ನು ಒಯ್ದಿದ್ದರು. ಒಳಮನೆಯಲ್ಲಿ ಅವರ ಹೆಂಡತಿಯ ಪಕ್ಕ ಕೂತೆ, ಅವರನ್ನು ನಾವೆಲ್ಲ ಅಮ್ಮಿ ಅನ್ನುತ್ತಿದ್ದೆವು. ಅಮ್ಮಿ ತಾವೇ ಹೇಳಿದರು.

“ಕಡೀ ದಿನಾ ಮಾತು ನಿಂತಿತ್ತು. ಕೈ ಮಾತ್ರ ಹೊದ್ದ ರಜಾಯಿ ಮ್ಯಾಲ ಏಳ್ತಿತ್ತು. ನರದ ಬೀಮಾರಿ ಅಂದ್ರು ಡಾಕ್ಟರು. ಬೀಮಾರಿ ಅಲ್ರಿ, ಅವ್ರದು ಒಂದು ಸಾಲು ಮುಗೀತು, ಅಷ್ಟೇ, ಅಂತ ನಾ ಹೇಳ್ದೆ.”

ನಾನೂ ಅಮ್ಮಿಯೂ ಅತ್ತೆವು. ನನ್ನ ಅಪ್ಪ ಹೋದಾಗ ಅತ್ತಷ್ಟೇ ಅತ್ತುಬಿಟ್ಟೆ.

ಈಗ ನಮ್ಮ ಕಚೇರಿಗೆ ಇನ್ನೊಂದು ಹೊಸ ಸಿಸ್ಟಮ್ ಬಂದಿದೆ. ಡಬ್ಬಿಗಳೆಲ್ಲ ಮತ್ತೆ ಜಾಗ ಬದಲಿಸಿವೆ, ಜೊತೆಯವರೆಲ್ಲ ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ. ನನಗೂ ಸಿಟ್ಟು ಬರುತ್ತದೆ, ಅದೇನು ಹೋಗುವ ಸಿಟ್ಟಲ್ಲ. ಆದರೆ ಮುಖಪರದೆಯಲ್ಲಿ ಆ ವಾಲಿದ ಚೌಬಾರಾ ಹಾಕಿಕೊಂಡಿದ್ದೇನೆ, ಕೈ ತಪ್ಪು ಜಾಗಕ್ಕೆ ಹೋದರೆ ಹೋಗಿ ಬರಲಿ ಎಂದು ಬಿಡುತ್ತೇನೆ. ಮೊನ್ನೆ ಶಾಲೆ ಬಿಟ್ಟ ಮೇಲೆ ಕಚೇರಿಗೆ ಬಂದ ಮಗಳು ನನ್ನ ಪಕ್ಕ ಕೂತು ಬಹಳ ಹೊತ್ತು ನೋಡಿದಳು.

“ಅವ್ವ, ನೀ ಆಗಾಗ ಕೈ ಎತ್ತಿ ಯಾರಿಗಿ ಕರೀತಿ?”

ನನ್ನ ಎಡಗೈ ಇನ್ನೂ ಗಾಳಿಯಲ್ಲೇ ಇತ್ತು. ಟೈಪ್‌ರೈಟರ್ ಮುಂದೆ ನಾನು ಕೂತದ್ದು ಒಂದೇ ತಿಂಗಳು, ಅಷ್ಟರಿಂದ ಈ ರೂಢಿ ಬಂದಿರಲಾರದು. ನೋಡಿ ನೋಡಿ ಬಂದದ್ದು.

“ಯಾರಿಗೂ ಇಲ್ಲ,” ಅಂದೆ. “ಒಂದು ಸಾಲು ಮುಗೀತು.”

ಕೈಯನ್ನು ಬಲಕ್ಕೆ ತಳ್ಳಿ ಕೆಳಗಿಳಿಸಿ, ಮುಂದಿನ ಸಾಲು ಶುರು ಮಾಡಿದೆ.